ಮೂರು ಕಲ್ಲು, ಒಂದು ಗಂಟೆ

ಕಾಶಿಗೆ ಹೋಗುವ ನಮ್ಮವರ ಪಟ್ಟಿ ಗೊತ್ತೇ ಇದೆ. ಗಂಗಾಸ್ನಾನ, ವಿಶ್ವನಾಥ, ಅನ್ನಪೂರ್ಣೆ, ಸಂಜೆಯ ಆರತಿ, ಒಂದೆರಡು ಬನಾರಸ್ ಸೀರೆ. ರೈಲಿಗೆ ಇನ್ನೂ ಹೊತ್ತಿದ್ದರೆ ಆಟೋ ಹಿಡಿದು ಸುಮಾರು ಹತ್ತು ಕಿಲೋಮೀಟರ್ ದೂರದ ಸಾರನಾಥ. ಧಮೇಕ್ ಸ್ತೂಪದ ಮುಂದೆ ಫೋಟೊ ತೆಗೆಸಿಕೊಂಡು ಮ್ಯೂಸಿಯಂ ಬಾಗಿಲಿಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಆಟೋದವನು ಹಾರ್ನ್ ಹೊಡೆಯುತ್ತಿರುತ್ತಾನೆ.

ನಾನು ಮೊದಲ ಸಲ ಹೋದದ್ದು ಶುಕ್ರವಾರ, ವಾರದ ರಜೆ. ಮುಚ್ಚಿದ ಗೇಟು ನೋಡಿಕೊಂಡು ವಾಪಸಾದೆ. ಎರಡನೆಯ ಸಲ ಆ ಸೇಡು ತೀರಿಸಿಕೊಳ್ಳುವವನಂತೆ ಒಂದೂ ಬಿಡದೆ ಎಲ್ಲವನ್ನೂ ನೋಡಿದೆ. ಮದುವೆ ಊಟದಲ್ಲಿ ಬಂದದ್ದನ್ನೆಲ್ಲ ಬಡಿಸಿಕೊಂಡವನ ಗತಿಯಾಯಿತು. ಹೊರಗೆ ಬಂದಾಗ ಯಾವುದರ ರುಚಿಯೂ ನಾಲಿಗೆಯಲ್ಲಿ ಉಳಿದಿರಲಿಲ್ಲ. ಮೂರನೆಯ ಸಲ ಒಂದು ಗಂಟೆ, ಮೂರೇ ಕಲ್ಲು ಎಂದು ನಿಶ್ಚಯಿಸಿಕೊಂಡೆ. ಸಾರನಾಥ ಕಂಡದ್ದು ಆಗಲೇ.

ಮೊದಲನೆಯದು ಸಿಂಹಗಳದ್ದು. ಎಫ್.ಒ. ಓರ್ಟೆಲ್ 1904-05ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕ ಅಶೋಕಸ್ತಂಭದ ಶಿರೋಭಾಗ, ಏಳಡಿ ಎತ್ತರ, ಚುನಾರದ ಮರಳುಗಲ್ಲು. ಜೇಬಿನ ನಾಣ್ಯದಲ್ಲಿ ದಿನವೂ ಇರುವ ಚಿತ್ರ, ಹೊಸದೇನು ಎನಿಸಬಹುದು. ಎದುರಿಗೆ ನಿಂತು ಎಣಿಸಿ: ಮೂರು ಸಿಂಹ. ಪಕ್ಕಕ್ಕೆ ಸರಿದು ಎಣಿಸಿ: ಆಗಲೂ ಮೂರೇ. ಇರುವುದು ನಾಲ್ಕು, ಆದರೆ ನಾಲ್ಕನೆಯದು ಯಾವಾಗಲೂ ಆಚೆ ಬದಿಗೇ ಉಳಿಯುತ್ತದೆ. ಆಮೇಲೆ ಅವುಗಳ ಕಾಲಡಿಯ ದುಂಡು ಪಟ್ಟಿಗೆ ಕಣ್ಣಿಳಿಸಿ. ನಾಣ್ಯದ ಲಾಂಛನದಲ್ಲಿ ನಮಗೆ ಸಿಗುವುದು ಗೂಳಿ ಮತ್ತು ಕುದುರೆ. ಇಲ್ಲಿ ಆನೆಯೂ ಇದೆ, ಇನ್ನೊಂದು ಪುಟ್ಟ ಸಿಂಹವೂ ಇದೆ. ನಡುನಡುವೆ ಇಪ್ಪತ್ನಾಲ್ಕು ಅರಗಳ ಚಕ್ರ. ಮೇಲಿನ ಸಿಂಹಗಳು ಸೆಟೆದು ಕೂತಿವೆ, ಕೇಸರದ ಒಂದೊಂದು ಸುರುಳಿಯೂ ಲೆಕ್ಕಕ್ಕೆ ತಕ್ಕಂತೆ. ಕೆಳಗಿನ ಕುದುರೆ ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ನಾಗಾಲೋಟದಲ್ಲಿದೆ. ಶಿಲ್ಪಿಯ ಕೈ ಸಲೀಸಾಗಿ ಆಡಿದ್ದು ಅಲ್ಲಿ. ಆ ಪಟ್ಟಿಯ ಅಡಿಯ ಬೋರಲು ಕಮಲವನ್ನು 1950ರ ರಾಷ್ಟ್ರಲಾಂಛನದಲ್ಲಿ ಕೈಬಿಡಲಾಗಿದೆ. ಸಿಂಹಗಳ ನೆತ್ತಿಯ ಮೇಲೆ ಒಂದು ಕಾಲಕ್ಕೆ ದೊಡ್ಡ ಧರ್ಮಚಕ್ರವೇ ಇತ್ತು. ಅದು ಚೂರುಗಳಾಗಿಯೇ ಸಿಕ್ಕಿತು. ಎರಡು ಸಾವಿರದ ಇನ್ನೂರು ವರ್ಷ ದಾಟಿದ ಮೇಲೂ ಹೊಳಪು ಮಾತ್ರ ಗಾಜಿನಂತಿದೆ.

ಎರಡನೆಯದು ಕೆಂಪು ಕಲ್ಲಿನ ಬೋಧಿಸತ್ವ. ಕನಿಷ್ಕನ ಆಳ್ವಿಕೆಯ ಮೂರನೆಯ ವರ್ಷದಲ್ಲಿ ಬಲ ಎಂಬ ಭಿಕ್ಷು ಕೊಟ್ಟದ್ದು. ಕಲ್ಲು ಮಥುರೆಯದು. ಅಗಲ ಭುಜ, ಗಟ್ಟಿಯಾಗಿ ಊರಿದ ಪಾದ. ನೋಡಿದರೆ ಗರಡಿಯಿಂದ ಈಗಷ್ಟೇ ಎದ್ದುಬಂದ ಪೈಲ್ವಾನ.

ಅದನ್ನು ನೋಡಿದ ಕಣ್ಣಲ್ಲೇ ಮೂರನೆಯದರ ಮುಂದೆ ನಿಲ್ಲಬೇಕು. ಐದನೆಯ ಶತಮಾನದ, ಧರ್ಮಚಕ್ರ ಪ್ರವರ್ತನ ಮುದ್ರೆಯ ಬುದ್ಧ. ಪೈಲ್ವಾನನ ಮೈಕಟ್ಟೆಲ್ಲ ಕರಗಿ ಇಲ್ಲಿ ಉಸಿರಾಗಿದೆ. ಮೈಮೇಲೆ ಬಟ್ಟೆಯಿದೆ, ಆದರೆ ಒಂದು ನೆರಿಗೆಯೂ ಇಲ್ಲ. ಅಂಚಿನ ಗೆರೆ ಕಂಡಾಗಲೇ ಉಟ್ಟಿದ್ದಾನೆಂದು ತಿಳಿಯುವುದು. ಪ್ರಭಾವಳಿಯ ತುಂಬ ಹೂಬಳ್ಳಿಯ ಕುಸುರಿ, ಅದರ ನಡುವೆ ಏನೂ ಇಲ್ಲದ ನುಣುಪು ಮುಖ. ಎಲ್ಲಿ ಕೆತ್ತಬಾರದು ಎಂಬುದು ಆ ಶಿಲ್ಪಿಗೆ ಗೊತ್ತಿತ್ತು. ಹೊರಡುವ ಮುನ್ನ ಪೀಠದತ್ತ ಬಗ್ಗಿ. ನಡುವೆ ಚಕ್ರ, ಜಿಂಕೆಗಳು, ಮೊದಲ ಉಪದೇಶ ಕೇಳಿದ ಐವರು ಶಿಷ್ಯರು. ಅವರ ಸಾಲಿನಲ್ಲೇ ಮಗುವಿನೊಂದಿಗೆ ಒಬ್ಬಳು ಹೆಂಗಸು. ಮೂರ್ತಿ ಮಾಡಿಸಿದವಳು ಅವಳೇ ಇರಬೇಕೆಂದು ವಿದ್ವಾಂಸರ ಊಹೆ. ನಮ್ಮ ಗುಡಿಗಳ ದೀಪದ ಮಲ್ಲಿಯರನ್ನು ಬಲ್ಲವರಿಗೆ ಅವಳ ಪರಿಚಯ ಮಾಡಿಕೊಡಬೇಕಿಲ್ಲ.

ಪ್ಯಾರಿಸ್ಸಿಗೋ ಲಂಡನ್ನಿಗೋ ಹೋದವರು ಮ್ಯೂಸಿಯಮ್ಮಿಗೆ ಒಂದಿಡೀ ದಿನ ಎತ್ತಿಡುತ್ತಾರೆ. ಲಂಡನ್ನಿನಲ್ಲಿ ಅಮರಾವತಿಯ ಕಲ್ಲುಗಳನ್ನು ನೋಡಬಹುದು, ಅಮರಾವತಿಯ ಮಣ್ಣನ್ನಲ್ಲ. ಸಾರನಾಥದ ಹಿರಿಮೆ ಇರುವುದು ಇಲ್ಲೇ. ಸಿಕ್ಕಿದ್ದನ್ನು ಸಿಕ್ಕಿದಲ್ಲೇ ಇಡಬೇಕೆಂದು 1904ರಲ್ಲೇ ನಿರ್ಧಾರವಾಗಿ, 1910ರಲ್ಲಿ ಬೌದ್ಧ ವಿಹಾರದ ಮಾದರಿಯ ಈ ಕಟ್ಟಡ ಎದ್ದಿತು. ಪುರಾತತ್ವ ಇಲಾಖೆಯ ಅತಿ ಹಳೆಯ ಸ್ಥಳ ಸಂಗ್ರಹಾಲಯ ಇದು. ಅವಶೇಷಗಳ ನಡುವೆ ಆ ಸಿಂಹಗಳನ್ನು ಹೊತ್ತಿದ್ದ ಕಂಬದ ಮೋಟು ಇನ್ನೂ ಇದೆ. ಸಂಘ ಒಡೆಯುವ ಭಿಕ್ಷುವಿಗೆ ಬಿಳಿಬಟ್ಟೆ ಉಡಿಸಿ ಹೊರಗೆ ಹಾಕಿ ಎಂಬ ಅಶೋಕನ ಕಟ್ಟಪ್ಪಣೆ ಅದರ ಮೈಮೇಲಿದೆ.

ಆ ಅಶೋಕ ನಮಗೆ ದೂರದವನೇನಲ್ಲ. ಅವನದೇ ಶಾಸನದಲ್ಲಿ ಅವನ ಹೆಸರು ಮೊದಲು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹೆಸರು ಬರೆದಿಟ್ಟ ಅವನ ಶಿಲ್ಪ ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ. ಸಾರನಾಥದಿಂದ ಮರಳಿದವರು ಅಲ್ಲಿಗೂ ಒಮ್ಮೆ ಹೋಗಿಬರಲಿ.

ಕಾಶಿಯ ಟಿಕೆಟ್ ತೆಗೆದಿದ್ದರೆ ಮ್ಯೂಸಿಯಮ್ಮಿಗೆ ಒಂದು ಗಂಟೆ ಮೊದಲೇ ತೆಗೆದಿಡಿ. ಸ್ತೂಪ ಆಮೇಲೆ ನೋಡಿದರಾಯಿತು. ಆಟೋದವನಿಗೆ ಕಾಯುವ ದುಡ್ಡು ಮುಂಚೆಯೇ ಮಾತಾಡಿಕೊಳ್ಳಿ. ಶುಕ್ರವಾರ ಮಾತ್ರ ಹೋಗಬೇಡಿ.