ಗೈರುಹಾಜರಿಗೂ ‘ಓಕೆ’!

ಲಿನಕ್ಸ್ ಕರ್ನಲ್ಲಿಗೆ 2024ರಲ್ಲಿ ಸೇರಿದ ನೆಟ್‌ವರ್ಕ್ ಡ್ರೈವರ್ ಪರೀಕ್ಷೆಗಳ ಪೈಥಾನ್ ಚೌಕಟ್ಟು ನನಗೆ ಇಷ್ಟ. ಎದುರು ತುದಿ ಇದೇ ಯಂತ್ರದ ಇನ್ನೊಂದು ನೇಮ್‌ಸ್ಪೇಸ್ ಆಗಿರಲಿ, ಎಸ್‌ಎಸ್‌ಎಚ್‌ನಲ್ಲಿ ಸಿಗುವ ದೂರದ ಯಂತ್ರವೇ ಆಗಿರಲಿ, ಪರೀಕ್ಷೆಗೆ ಕೋಡ್ ಬರೆಯೋದು ಒಂದೇ ಸಲ. ಆದರೆ ಕಾರ್ಡಿನ ಹೆಸರು ಕೊಡದಿದ್ದರೆ ಅನೇಕ ಪರೀಕ್ಷೆಗಳು ನೆಟ್‌ಡೆವ್‌ಸಿಮ್ ಅನ್ನೋ ಸಾಫ್ಟ್‌ವೇರ್ ಕಾರ್ಡಿನ ಮೇಲೇ ಓಡ್ತವೆ. ಕಾರ್ಡಿನಲ್ಲಿಲ್ಲದ ಸೌಲಭ್ಯದ ಪರೀಕ್ಷೆ ‘ಸ್ಕಿಪ್’ ಆಗುತ್ತೆ. ಆ ಸಾಲೂ ‘ಓಕೆ’ ಅಂತಲೇ ಶುರು!

ಜಯನಗರದ ಮನೇಲಿ ಕೂತು ‘ಓಕೆ’ಗಳನ್ನಷ್ಟೇ ಎಣಿಸಿ ಬೀಗಿದ್ದೆ. ಬಿಟಿಎಂ ಲೇಔಟಿನ ಲ್ಯಾಬಿನಲ್ಲಿ ಎರಡು ಯಂತ್ರಗಳ ನಡುವೆ ನಿಜವಾದ ಕೇಬಲ್ ಬಿದ್ದ ದಿನ ನನ್ನ ಡ್ರೈವರ್ ಮಕಾಡೆ ಮಲಗಿತು. ತಪ್ಪು ನನ್ನದೇ. ಆದರೂ, ಗೈರುಹಾಜರಾದವನ ಹೆಸರಿನ ಮುಂದೆ ಯಾವ ಮೇಷ್ಟ್ರು ‘ಪಾಸು’ ಅಂತ ಬರೀತಾರೆ ಹೇಳಿ?