ಬಿಸಿಲು, ಧೂಳು ಮತ್ತು ಸದ್ದಿಲ್ಲದ ಕಂಪ್ಯೂಟರ್

ಆಟ ಆಡುತ್ತಲೇ ಅದನ್ನು ನೇರಪ್ರಸಾರ ಮಾಡುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಮೇಲೆ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಆಟದ ಚಿತ್ರ ಮೂಡಿಸುವುದು ಒಂದು, ಮೂಡಿದ ಚಿತ್ರವನ್ನು ಆಗಿಂದಾಗಲೇ ಕುಗ್ಗಿಸಿ ಇಂಟರ್‌ನೆಟ್ಟಿಗೆ ಏರಿಸುವುದು ಇನ್ನೊಂದು. ಎರಡರಿಂದಲೂ ಬಿಸಿ ಹುಟ್ಟುತ್ತದೆ. ಬಿಸಿಯನ್ನು ಹೊರದಬ್ಬಲು ಫ್ಯಾನ್ ತಿರುಗಬೇಕು, ಫ್ಯಾನ್ ತಿರುಗಿದರೆ ಸದ್ದು. ಆಡುವವರ ಕಿವಿಯಲ್ಲಿ ಹೆಡ್‌ಫೋನ್ ಇರುವುದರಿಂದ ಅವರಿಗೆ ಆ ಸದ್ದು ತಿಳಿಯದೆ ಹೋಗಬಹುದು. ಆದರೆ ಎದುರಿಗಿರುವ ಮೈಕ್ ಅದನ್ನು ಎತ್ತಿಕೊಂಡು ನೋಡುಗರಿಗೆಲ್ಲ ಹಂಚುತ್ತದೆ.

ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಇಂಥ ಕಂಪ್ಯೂಟರ್ ಕಟ್ಟಿಸುವವರು ಹೆಚ್ಚಾಗಿ ಬೇರೆ ಊರಿನ ಪಟ್ಟಿಯನ್ನೇ ನೆಚ್ಚುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬರೆಸಿಕೊಂಡದ್ದಿರಬಹುದು, ಸೇಡಂ ಅಥವಾ ಚಿತ್ತಾಪುರದಲ್ಲಿ ರೈಲು ಹತ್ತಿ ಹೋಗಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ತಂದದ್ದಿರಬಹುದು. ಆ ಪಟ್ಟಿಗಳು ತಪ್ಪಲ್ಲ, ಆದರೆ ಅವುಗಳ ಹಿಂದಿರುವ ಅಳತೆಗಳು ನಡೆದದ್ದು ಇಪ್ಪತ್ತು–ಇಪ್ಪತ್ತೈದು ಡಿಗ್ರಿಯ ಕೋಣೆಗಳಲ್ಲಿ. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿಯೇ 42 ಡಿಗ್ರಿ ಮುಟ್ಟುತ್ತದೆ. ಬಿಸಿಲು ಇಳಿದ ಮೇಲೂ ಚಾವಣಿ ಕಾವು ಕಕ್ಕುತ್ತಲೇ ಇರುತ್ತದೆ, ಪ್ರಸಾರ ನಡೆಯುವುದೂ ಅದೇ ಸಂಜೆಯ ಹೊತ್ತಿನಲ್ಲಿ.

ಗಾಳಿಯಿಂದ ತಣಿಯುವ ಯಾವ ಚಿಪ್ಪೂ ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಕೋಣೆಯ ಉಷ್ಣತೆಯ ಮೇಲೆ ಇಷ್ಟು ಡಿಗ್ರಿ ಎಂಬ ಲೆಕ್ಕದಲ್ಲೇ ಅದು ಏರುತ್ತದೆ. ಪ್ರೊಸೆಸರ್ ಕೋಣೆಗಿಂತ 45 ಡಿಗ್ರಿ ಮೇಲೇರುತ್ತದೆ ಎಂದುಕೊಂಡರೆ, 22 ಡಿಗ್ರಿಯ ಕೋಣೆಯಲ್ಲಿ ಅದು 67ರಲ್ಲಿ ನಿಲ್ಲುತ್ತದೆ, 40 ಡಿಗ್ರಿಯ ಕೋಣೆಯಲ್ಲಿ 85ಕ್ಕೆ ಹೋಗುತ್ತದೆ. ಮೊದಲನೆಯ ಕಡೆ ಮೆಲ್ಲಗೆ ತಿರುಗುವ ಫ್ಯಾನು ಎರಡನೆಯ ಕಡೆ ಪೂರ್ತಿ ವೇಗಕ್ಕೆ ಹತ್ತಿರವಾಗುತ್ತದೆ. ಯಂತ್ರ ಅದೇ, ಹಣವೂ ಅಷ್ಟೇ, ಸದ್ದು ಮಾತ್ರ ಬೇರೆ. ಆದ್ದರಿಂದ ಈ ಭಾಗದಲ್ಲಿ ಸದ್ದಿಲ್ಲದ ಕಂಪ್ಯೂಟರಿನ ಆಯ್ಕೆ ಫ್ಯಾನಿನಿಂದ ಶುರುವಾಗಬಾರದು, ವ್ಯಾಟಿನಿಂದ ಶುರುವಾಗಬೇಕು. ಹುಟ್ಟದ ಬಿಸಿಯನ್ನು ಹೊರಹಾಕುವ ಪ್ರಮೇಯವೇ ಬರುವುದಿಲ್ಲ.

ಈ ದೃಷ್ಟಿಯಿಂದ ಅತಿ ದೊಡ್ಡ ಪ್ರೊಸೆಸರ್ ಇಲ್ಲಿ ಕೆಟ್ಟ ಆಯ್ಕೆ. ಇಂಟೆಲ್ ಕೋರ್ ಐ9-14900ಕೆ ಜೋರಿನಲ್ಲಿ 253 ವ್ಯಾಟ್ ಎಳೆಯಬಲ್ಲದು. ಎಎಂಡಿಯ ರೈಜನ್ 5 7600ರ ಮಿತಿ 88 ವ್ಯಾಟ್. ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ ಇಕೋ ಮೋಡ್ ಹಾಕಿ ಅದನ್ನು ಇನ್ನೂ ತಗ್ಗಿಸಬಹುದು. ಪ್ರಸಾರಕ್ಕೆ ಹೆಚ್ಚು ಕೋರ್ ಬೇಕೇಬೇಕು ಎಂಬ ಮಾತು ಚಿತ್ರ ಕುಗ್ಗಿಸುವ ಕೆಲಸವನ್ನು ಪ್ರೊಸೆಸರೇ ಮಾಡುತ್ತಿದ್ದ ಕಾಲದ್ದು. ಈಗ ಗ್ರಾಫಿಕ್ಸ್ ಕಾರ್ಡಿನೊಳಗೇ ಅದಕ್ಕೆಂದು ಬೇರೆ ಭಾಗವಿದೆ. ಎನ್ವಿಡಿಯಾ ಇದನ್ನು ಎನ್‌ವಿಇಎನ್‌ಸಿ ಎನ್ನುತ್ತದೆ. ಪ್ರಸಾರದ ಸಾಫ್ಟ್‌ವೇರ್ ಆದ ಒಬಿಎಸ್ ಸ್ಟುಡಿಯೋದಲ್ಲಿ ಚಿತ್ರ ಕುಗ್ಗಿಸುವ ಎನ್‌ಕೋಡರ್ ಆರಿಸುವಾಗ ಇದನ್ನು ಒತ್ತಿದರೆ ಸಾಕು, ಪ್ರೊಸೆಸರಿನ ಹೊರೆ ಇಳಿಯುತ್ತದೆ, ಅದರೊಂದಿಗೆ ಬಿಸಿಯೂ ಇಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 4060ರ ಮಿತಿ 115 ವ್ಯಾಟ್, 4070ರದ್ದು 200, 4090ರದ್ದು 450. ಮೂರರಲ್ಲೂ ಎವಿ1 ಎನ್‌ಕೋಡರ್ ಇದೆ. ವ್ಯಾಲೊರಂಟ್, ಜಿಟಿಎ 5ರಂಥ ಆಟಗಳನ್ನು 1080ಪಿಯಲ್ಲಿ ಆಡಿ ಪ್ರಸಾರ ಮಾಡುವವರಿಗೆ ಮೊದಲನೆಯದೇ ಧಾರಾಳ. 4070 ಕೊಳ್ಳುವ ಶಕ್ತಿಯಿದ್ದವರು ಅದನ್ನು ಕೊಂಡು 140 ವ್ಯಾಟಿಗೆ ಕಟ್ಟಿಹಾಕುವುದು ಇನ್ನೂ ಜಾಣತನ. ದೊಡ್ಡ ಹೀಟ್‌ಸಿಂಕ್ ಸಣ್ಣ ಬಿಸಿಯನ್ನು ನಿರಾಯಾಸವಾಗಿ ಹೊರುತ್ತದೆ, ಕಳೆದುಕೊಳ್ಳುವ ವೇಗ ಅತ್ಯಲ್ಪ. ಮಾನಿಟರ್ 144 ಹರ್ಟ್ಸಿನದಾದರೆ ಆಟವನ್ನೂ 144 ಫ್ರೇಮಿಗೆ ಮಿತಿಗೊಳಿಸಬೇಕು. ಕಾಣದ ಮುನ್ನೂರು ಫ್ರೇಮುಗಳಿಗಾಗಿ ಕಾರ್ಡು ಬೆವರುವುದರಲ್ಲಿ ಅರ್ಥವಿಲ್ಲ.

ಕೂಲರ್ ಎಂಬ ಮಾತಿಗೆ ಇಲ್ಲಿ ಎರಡು ಅರ್ಥ. ಅಂಗಡಿಯವರ ಪಾಲಿಗೆ ಅದು ಪ್ರೊಸೆಸರಿನ ಮೇಲೆ ಕೂರುವುದು, ಮನೆಯವರ ಪಾಲಿಗೆ ಕಿಟಕಿಗೆ ಹಚ್ಚಿದ ನೀರಿನ ಕೂಲರ್. ಮೊದಲನೆಯದರಲ್ಲಿ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್‌ನಂಥ ಜೋಡಿ ಗೋಪುರದ, ಗಾಳಿಯಿಂದ ತಣಿಯುವ ಕೂಲರನ್ನು ದ್ರವದ ಕೂಲರಿಗಿಂತ ಮೇಲೆಂದು ಎಣಿಸಬೇಕು. ದ್ರವವೂ ಕೊನೆಗೆ ಕೋಣೆಯ ಗಾಳಿಗೇ ಬಿಸಿ ಒಪ್ಪಿಸಬೇಕು. ಮೇಲಾಗಿ ಪಂಪಿನ ಸದ್ದು ನಿಲ್ಲುವಂತಿಲ್ಲ, ಪಂಪು ಕೆಟ್ಟರೆ ಬದಲಿ ಹತ್ತಿರದಲ್ಲಿ ಸಿಗುವುದಿಲ್ಲ. ಗೋಪುರದ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಫ್ಯಾನುಗಳ ಗಣಿತ ಗೊತ್ತಿದ್ದರೆ ಆಯ್ಕೆ ಸುಲಭ. ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಕುಸಿಯುತ್ತದೆ. ಅಂಥದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಜೋರಾಗಿ ಓಡುವ ಒಂದಕ್ಕಿಂತ ನಿಧಾನಕ್ಕೆ ತಿರುಗುವ ಎರಡು ಲೇಸು, 120 ಮಿ.ಮೀ. ಫ್ಯಾನಿಗಿಂತ 140ರದ್ದು ಲೇಸು. ಬೇರಿಂಗ್ ಫ್ಲೂಯಿಡ್ ಡೈನಮಿಕ್ ಇರಲಿ. ಅಗ್ಗದ ಸ್ಲೀವ್ ಬೇರಿಂಗಿನ ಎಣ್ಣೆ ಈ ಕಾವಿಗೆ ಬೇಗ ಒಣಗಿ ಗರಗರ ಎನ್ನತೊಡಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಕ್ಯಾಬಿನೆಟ್, ಏಕೆಂದರೆ ಇಲ್ಲಿಯ ಧೂಳು ಬರಿಯ ಧೂಳಲ್ಲ. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದ, ಚಿತ್ತಾಪುರದ ಕಡೆ ಫರ್ಸಿಯ ಗಣಿಗಳು, ಕಲ್ಲು ಪಾಲಿಶ್ ಮಾಡುವ ಘಟಕಗಳಿವೆ. ಗಾಳಿಯಲ್ಲಿ ಸುಣ್ಣಕಲ್ಲಿನ ಹುಡಿ ಇರುತ್ತದೆ, ಸಿಮೆಂಟಿನ ಹುಡಿಯೂ ಬೆರೆತಿರುತ್ತದೆ. ಅದೇ ಕೋಣೆಯಲ್ಲಿ ನೀರಿನ ಕೂಲರ್ ಓಡುತ್ತಿದ್ದರೆ ತೇವವೂ ಸೇರಿಕೊಳ್ಳುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ಹೀಟ್‌ಸಿಂಕ್ ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಹಾಳೆಗಳ ಅಂಚಿನಲ್ಲಿ ಬೂದು ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಬಾಯಿಂದ ಊದಿದರೆ ಹಾರದು, ಬ್ರಷ್ ಆಡಿಸಿದರೆ ಚೂರಾಗಿ ಉದುರುತ್ತದೆ. ಹಾಳೆಗಳ ನಡುವಿನ ಸಂದು ಹೀಗೆ ಮುಚ್ಚಿದ ಹಾಗೆಲ್ಲ ಫ್ಯಾನ್ ಜೋರಾಗುತ್ತ ಹೋಗುತ್ತದೆ. ಕೊಂಡಾಗ ಸದ್ದಿಲ್ಲದೆ ಇದ್ದ ಯಂತ್ರ ಎರಡನೆಯ ವರ್ಷಕ್ಕೆ ಗದ್ದಲ ಮಾಡುವುದಕ್ಕೆ ಮುಖ್ಯ ಕಾರಣ ಇದೇ.

ಆದ್ದರಿಂದ ‘ಸೈಲೆಂಟ್’ ಎಂದು ಮಾರುವ, ಎದುರಿನ ಬಾಗಿಲು ಮುಚ್ಚಿ ಒಳಗೆ ಫೋಮ್ ಅಂಟಿಸಿದ ಕ್ಯಾಬಿನೆಟ್ಟುಗಳನ್ನು ಇಲ್ಲಿ ಒಪ್ಪುವುದು ಕಷ್ಟ. ತಣ್ಣನೆಯ ದೇಶದಲ್ಲಿ ಅವು ಸದ್ದು ನುಂಗುತ್ತವೆ, 40 ಡಿಗ್ರಿಯಲ್ಲಿ ಬಿಸಿ ನುಂಗಿ ಫ್ಯಾನುಗಳನ್ನು ಓಡಿಸುತ್ತವೆ. ಮುಂದೆ ಗಾಜಿನ ಹಲಗೆ ಹೊತ್ತ ಬಣ್ಣದ ದೀಪಗಳ ಕ್ಯಾಬಿನೆಟ್ಟಿನದೂ ಅದೇ ದೋಷ. ಬೇಕಾದದ್ದು ಮುಂಬದಿ ಪೂರ್ತಿ ಜಾಲರಿ, ಅದರ ಹಿಂದೆ ಕೈಯಿಂದಲೇ ಎಳೆದು ತೆಗೆದು ತೊಳೆಯಬಹುದಾದ ಸಣ್ಣ ಕಣ್ಣಿನ ಫಿಲ್ಟರ್. ಒಳಗೆ ಗಾಳಿ ತುಂಬುವ ಫ್ಯಾನುಗಳ ಬಲ ಹೊರಗೆ ತಳ್ಳುವವುಗಳಿಗಿಂತ ತುಸು ಹೆಚ್ಚಿರಬೇಕು. ಆಗ ಸಂದುಗೊಂದುಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ, ಧೂಳು ಫಿಲ್ಟರಿನ ದಾರಿ ಬಿಟ್ಟು ಬೇರೆಡೆಯಿಂದ ನುಗ್ಗುವುದಿಲ್ಲ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ.

ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ವಿಷಯದಲ್ಲಿ ಡಬ್ಬಿಯ ಮೇಲಿನ ಚಿನ್ನದ ಮುದ್ರೆಯೊಂದನ್ನೇ ನಂಬುವ ರೂಢಿ ಸಾಲದು. ಆ ಮುದ್ರೆಯ ಹಿಂದಿನ 80 ಪ್ಲಸ್ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯಲ್ಲಿ. ನೋಡಬೇಕಾದದ್ದು ಪೂರ್ತಿ ವ್ಯಾಟ್ ಎಷ್ಟು ಡಿಗ್ರಿಯವರೆಗೆ ಸಿಗುತ್ತದೆ ಎಂಬ ಸಣ್ಣಕ್ಷರದ ಸಾಲು. ಕೆಲವದರಲ್ಲಿ 40 ಎಂದಿರುತ್ತದೆ, ಕೆಲವದರಲ್ಲಿ 50. ಈ ಸೀಮೆಗೆ 50ರದ್ದೇ ಸರಿ. 300 ವ್ಯಾಟ್ ಎಳೆಯುವ ಕಂಪ್ಯೂಟರಿಗೆ 650 ವ್ಯಾಟಿನದು ಹಾಕಿದರೆ ಅದು ಅರ್ಧ ಹೊರೆಯಲ್ಲಿ ನಿರಾಳವಾಗಿರುತ್ತದೆ, ಫ್ಯಾನೂ ನಿಧಾನಕ್ಕೆ ತಿರುಗುತ್ತದೆ. ಕರೆಂಟು ಹೋಗಿಬರುವ ಊರುಗಳಾದ್ದರಿಂದ ಯುಪಿಎಸ್ ಬೇಕೇಬೇಕು. ರೂಟರಿಗೂ ಅದರಿಂದಲೇ ಸಂಪರ್ಕ ಕೊಡಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಉಳಿದರೂ ಪ್ರಸಾರ ಕಡಿಯುತ್ತದೆ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ತಿರುಗುವ ಇನ್ನೊಂದು ಭಾಗ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಆರಿಸಿದ ಮೇಲೂ ಕೋಣೆ ಬಾಕಿ ಉಳಿಯುತ್ತದೆ. ನೆಲಕ್ಕೆ ಶಹಾಬಾದಿ ಫರ್ಸಿ, ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ ಚಾವಣಿ. ಇಂಥ ಕಡೆ ಸಣ್ಣ ಸದ್ದೂ ಮೂರು ಸಲ ಪುಟಿದು ಮೈಕಿಗೆ ಬರುತ್ತದೆ. ಸಾವಿರಾರು ರೂಪಾಯಿಯ ಫೋಮ್ ತರಿಸುವ ಮೊದಲು ಮನೆಯ ದಪ್ಪ ಕೌದಿಯೊಂದನ್ನು ಮಾತಾಡುವವರ ಬೆನ್ನ ಹಿಂದೆ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿ ನೋಡಬೇಕು. ಅರಿವೆಯ ಪದರುಗಳು ಸದ್ದಿನ ಮೊನಚನ್ನು ಚೆನ್ನಾಗಿ ಹೀರುತ್ತವೆ. ಕ್ಯಾಬಿನೆಟ್ಟನ್ನು ಗೋಡೆಯ ಕಲ್ಲಿನ ಕಪಾಟಿನಲ್ಲಿ ತುರುಕುವುದು ದೊಡ್ಡ ತಪ್ಪು, ಅಲ್ಲಿ ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಸೇದುತ್ತದೆ. ನೆಲದಲ್ಲಿಟ್ಟರೆ ಕಸಬರಿಗೆಯ ಧೂಳು. ಒಂದೂವರೆ ಅಡಿ ಎತ್ತರದ ಸ್ಟೂಲಿನ ಮೇಲೆ, ಮೈಕಿನ ಬೆನ್ನ ಕಡೆಗೆ ಇಡುವುದು ಸರಿಯಾದ ಜಾಗ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ. ಮೈಕ್ ಬಾಯಿಂದ ಒಂದು ಗೇಣಿನೊಳಗೆ ಬಂದರೆ ಮಾತು ಬಲವಾಗಿ ಸದ್ದು ಹಿಂದೆ ಸರಿಯುತ್ತದೆ. ದೂರ ಅರ್ಧವಾದಾಗ ದನಿ 6 ಡೆಸಿಬೆಲ್ ಏರುತ್ತದೆ. ಸದ್ದು ಅಳಿಸುವ ಸಾಫ್ಟ್‌ವೇರನ್ನು ಅತಿಯಾಗಿ ನೆಚ್ಚಿದರೆ ಮಾತಿಗೇ ಪೆಟ್ಟು. ಫ್ಯಾನಿನ ಸೊಯ್ಯೆನ್ನುವ ಸದ್ದು ಸ, ಶ, ಹ ಅಕ್ಷರಗಳ ಉಸಿರನ್ನು ಹೋಲುವುದರಿಂದ ಒಂದನ್ನು ಕೆರೆದು ತೆಗೆಯುವಾಗ ಇನ್ನೊಂದೂ ಸವೆಯುತ್ತದೆ.

ನೀರಿನ ಕೂಲರಿನ ಗದ್ದಲದ ಮುಂದೆ ಕಂಪ್ಯೂಟರಿನದು ಏನೇನೂ ಅಲ್ಲ ಎಂಬುದು ನಿಜ. ಆ ಕೂಲರನ್ನು ಕಿಟಕಿಯ ಹೊರಗೆ ಸ್ಟ್ಯಾಂಡಿನ ಮೇಲಿಟ್ಟು ಕಡಿಮೆ ವೇಗದಲ್ಲಿ ಓಡಿಸುವುದು, ಇಲ್ಲವೇ ಪ್ರಸಾರಕ್ಕೆ ಮೊದಲೇ ಕೋಣೆ ತಂಪು ಮಾಡಿ ಮಾತಿನ ಹೊತ್ತಿಗೆ ನಿಲ್ಲಿಸುವುದು ಉಳಿದಿರುವ ದಾರಿ. ಕಡಿಮೆ ವ್ಯಾಟಿನ ಯಂತ್ರಕ್ಕೆ ಇಲ್ಲೂ ಬೆಲೆ ಬರುತ್ತದೆ: 300 ವ್ಯಾಟ್ ಎಳೆಯುವ ಕಂಪ್ಯೂಟರ್ ಕೋಣೆಗೆ ಅಷ್ಟೇ ಬಿಸಿ ಸುರಿಯುತ್ತದೆ, 600ರದ್ದು ಅದರ ಎರಡರಷ್ಟು.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ಅಂಗಡಿಯಲ್ಲಿ ಕಿವಿಗೊಟ್ಟು ಪ್ರಯೋಜನವಿಲ್ಲ, ಅಲ್ಲಿಯ ಗಲಾಟೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕಾಯಿಲ್‌ನ ಕೀರಲು ಸದ್ದೂ ಕೇಳಿಸದು. ಮೇ ತಿಂಗಳ ಒಂದು ಸಂಜೆ, ಮನೆಯಲ್ಲೇ, ಅರ್ಧ ಗಂಟೆ ಆಟ ಆಡಿ ಪ್ರೊಸೆಸರು, ಕಾರ್ಡು ಎರಡೂ ಕಾದ ಮೇಲೆ ಒಬಿಎಸ್‌ನಲ್ಲಿ ಏನೂ ಮಾತಾಡದೆ ಹತ್ತು ಸೆಕೆಂಡು ರೆಕಾರ್ಡ್ ಮಾಡಬೇಕು. ನಂತರ ಒಂದು ವಾಕ್ಯ ಮಾತಾಡಿ, ಎರಡನ್ನೂ ಇಯರ್‌ಫೋನಿನಲ್ಲಿ ಕೇಳಬೇಕು. ಮಾತಿನ ನಡುವಿನ ಬಿಡುವಿನಲ್ಲಿ ಫ್ಯಾನ್ ಕೇಳಿಸಿದರೆ ಮೊದಲು ಫ್ರೇಮಿನ ಮಿತಿ, ಆಮೇಲೆ ಕಾರ್ಡಿನ ವ್ಯಾಟ್, ಕೊನೆಗೆ ಫ್ಯಾನಿನ ವೇಗ, ಹೀಗೆ ಒಂದೊಂದಾಗಿ ಇಳಿಸುತ್ತ ಮತ್ತೆ ರೆಕಾರ್ಡ್ ಮಾಡಬೇಕು.