ಅಲಂ ಎಂದರೆ ಸಾಕು: ಮಿತವ್ಯಯದ ಗೃಹಾಲಂಕಾರವನ್ನು ಕುರಿತ ಒಂದು ವಿವೇಚನೆ

ಅಲಂಕಾರವೆಂಬ ಶಬ್ದವನ್ನು ಕನ್ನಡ ವಿಮರ್ಶೆಯು ಕಾವ್ಯಕ್ಕೆ ಸಂಬಂಧಿಸಿದಂತೆ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಚರ್ಚಿಸುತ್ತ ಬಂದಿದೆ. ಸುಮಾರು ಕ್ರಿ. ಶ. 850ರ ‘ಕವಿರಾಜಮಾರ್ಗ’ದಲ್ಲಿಯೇ ಶಬ್ದಾಲಂಕಾರ, ಅರ್ಥಾಲಂಕಾರಗಳ ವಿವರವಾದ ನಿರೂಪಣೆಯಿದೆ. ಆದರೆ ಅದೇ ಶಬ್ದವನ್ನು ಮನೆಗೆ ಅನ್ವಯಿಸುವಾಗ ಈ ವಿವೇಚನೆಯ ಪರಂಪರೆಯು ಮರೆಯಾಗಿಬಿಡುತ್ತದೆ. ಕಡಿಮೆ ಖರ್ಚಿನಲ್ಲಿ ಮನೆಯನ್ನು ಸಿಂಗರಿಸುವ ಬಗೆಯನ್ನು ಹೇಳುವ ಬರಹಗಳಲ್ಲಿ ಹೆಚ್ಚಿನವು ಮಾಡುವ ಉಪದೇಶ ಒಂದೇ: ಸಿರಿವಂತರ ಮನೆಯಲ್ಲಿ ಏನಿದೆಯೋ ಅದರ ಹೋಲಿಕೆಯನ್ನು ಅಗ್ಗದ ಸಾಮಗ್ರಿಯಲ್ಲಿ ಸಾಧಿಸಬೇಕು. ಅಮೃತಶಿಲೆಯಿಲ್ಲದಿದ್ದರೆ ಅದರಂತೆ ಕಾಣುವ ಹಾಳೆ. ತೇಗವಿಲ್ಲದಿದ್ದರೆ ತೇಗದ ಬಣ್ಣ ಬಳಿದ ಹಲಗೆ. ಇಲ್ಲಿ ಬೆಲೆ ಬದಲಾಗುತ್ತದೆ, ಆದರ್ಶ ಬದಲಾಗುವುದಿಲ್ಲ. ಮಿತ ಆದಾಯದ ಮನೆಯು ದೊಡ್ಡ ಮನೆಯ ಮಸುಕಾದ ನಕಲು ಎಂಬ ಗ್ರಹಿಕೆಯೇ ಇದರ ತಳಹದಿ. ಈ ಗ್ರಹಿಕೆ ಸರಿಯೆ ಎಂಬುದನ್ನು ಪರಿಶೀಲಿಸುವುದು ಅವಶ್ಯ. ಪುಣೆಯಂಥ ಪರಪ್ರಾಂತದ ನಗರದಲ್ಲಿ ಎರಡು ಮೂರು ಕೋಣೆಗಳ ಮನೆ ಹೂಡಿ, ಊರಿನಿಂದ ತಂದ ನಾಲ್ಕು ವಸ್ತುಗಳನ್ನು ಎಲ್ಲಿಡಬೇಕೆಂದು ಯೋಚಿಸುವ ಕನ್ನಡ ಕುಟುಂಬಕ್ಕಂತೂ ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ.

ಶಬ್ದದ ಮೂಲದಿಂದಲೇ ವಿಚಾರವನ್ನು ಆರಂಭಿಸಬಹುದು. ‘ಅಲಂ’ ಎಂದರೆ ಸಾಕು, ಪರ್ಯಾಪ್ತ. ಕಲಾಮೀಮಾಂಸಕ ಆನಂದ ಕುಮಾರಸ್ವಾಮಿಯವರು 1939ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ವ್ಯುತ್ಪತ್ತಿಯನ್ನು ಹಿಡಿದು ಅಲಂಕಾರದ ಮೂಲಾರ್ಥವನ್ನು ವಿಶದಗೊಳಿಸಿದ್ದಾರೆ. ವಸ್ತುವನ್ನು ಅದರ ಕಾರ್ಯಕ್ಕೆ ಸಾಕಷ್ಟು ಸಮರ್ಥವನ್ನಾಗಿ ಮಾಡುವುದೇ ಅಲಂಕಾರ. ಪೂರ್ಣವಾದ ವಸ್ತುವಿಗೆ ಹೊರಗಿನಿಂದ ಅಂಟಿಸುವ ಹೆಚ್ಚುವರಿ ಶೋಭೆಯೆಂಬ ಅರ್ಥ ಅದಕ್ಕೆ ಅನಂತರ ಬಂದುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಸಾರಿದ್ದೂ ಇದೇ ದಿಕ್ಕಿನ ಮಾತು. ಸ್ಥಾನ ತಪ್ಪಿದ ಒಡವೆ, ಅದೆಷ್ಟೇ ಬೆಲೆಯುಳ್ಳದ್ದಾದರೂ, ನಗೆಗೀಡಾಗುತ್ತದೆ. ಈ ಎರಡು ಮಾತುಗಳನ್ನು ಕೂಡಿಸಿ ನೋಡಿದರೆ, ಕಡಿಮೆ ಹಣವೆಂಬುದು ಗೃಹಾಲಂಕಾರಕ್ಕೆ ಒದಗಿದ ವಿಘ್ನವೆಂದು ಭಾವಿಸಬೇಕಾದುದಿಲ್ಲ. ‘ಎಷ್ಟು ಸಾಕು?’ ಎಂಬ ಮೂಲ ಪ್ರಶ್ನೆಯನ್ನು ಸಿರಿವಂತನು ಮುಂದೂಡಬಲ್ಲ. ಮಿತ ಆದಾಯದವನು ಅದನ್ನು ಮೊದಲ ದಿನವೇ ಎದುರಿಸಬೇಕಾಗುತ್ತದೆ.

ಈ ತತ್ತ್ವಕ್ಕೆ ಪ್ರತ್ಯಕ್ಷ ನಿದರ್ಶನ ಪುಣೆಯಲ್ಲಿಯೇ ಉಂಟು. ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನು ಕಾಣದ ಪುಣೇಕರರು ವಿರಳ. ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆಗಳನ್ನು ರಚಿಸಿದ ದಿನಕರ ಗಂಗಾಧರ ಕೇಳಕರ (1896–1990) ಅವರು ಹಲವು ದಶಕಗಳ ಕಾಲ ಊರೂರು ತಿರುಗಿ ಕೂಡಿಸಿದ ಸಾಮಗ್ರಿಯನ್ನು, ಎಳೆವಯಸ್ಸಿನಲ್ಲಿ ತೀರಿಹೋದ ಮಗ ರಾಜಾನ ನೆನಪಿಗಾಗಿ, 1962ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ದಾನವಾಗಿತ್ತರು. ಸಂಗ್ರಹದಲ್ಲಿ ಇಂದು ಸುಮಾರು 20,000 ವಸ್ತುಗಳಿವೆ. ನೋಡಲು ಇಟ್ಟಿರುವುದು ಅವುಗಳಲ್ಲಿ ಒಂದು ಪಾಲು ಮಾತ್ರ. ಅಡಕೊತ್ತು, ತೂಗುದೀಪ, ಕುಂಕುಮದ ಕರಡಿಗೆ, ಪಾದ ತಿಕ್ಕುವ ವಜ್ರಿ, ಅಡುಗೆಯ ಪಾತ್ರೆ, ಬಾಗಿಲು, ವಾದ್ಯ ಎಂಬ ನಿತ್ಯದ ಉಪಕರಣಗಳೇ ಇಲ್ಲಿ ಪ್ರಧಾನ.

ಅಡಕೊತ್ತುಗಳ ಸಾಲನ್ನೇ ನೋಡಬಹುದು. ಅಡಿಕೆಯನ್ನು ಕತ್ತರಿಸಲು ಬೇಕಾದುದು ಒಂದು ಕೀಲು, ಒಂದು ಅಲಗು, ಎರಡು ಹಿಡಿಕೆಗಳು. ಕಮ್ಮಾರನು ಆ ಹಿಡಿಕೆಗಳನ್ನೇ ಗಂಡುಹೆಣ್ಣುಗಳ ಜೋಡಿಯಾಗಿ, ಗಿಳಿಯಾಗಿ, ಕುದುರೆಯಾಗಿ ಬಗ್ಗಿಸಿದ್ದಾನೆ. ಆಕೃತಿಯನ್ನು ತೆಗೆದುಬಿಟ್ಟರೆ ಹಿಡಿಕೆಯೇ ಹೋಗುತ್ತದೆ. ಹಿಡಿಕೆ ಹೋದರೆ ಉಪಕರಣವೇ ಇಲ್ಲ. ಶೋಭೆ ಇಲ್ಲಿ ವಸ್ತುವಿನ ಕಾರ್ಯದಿಂದ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದೆ. ಹೀಗಾಗಿ ಅದಕ್ಕೆ ಪ್ರತ್ಯೇಕ ಸ್ಥಳವೂ ಬೇಕಾಗಲಿಲ್ಲ, ಪ್ರತ್ಯೇಕ ವೆಚ್ಚವೂ ಹೆಚ್ಚು ಬೀಳಲಿಲ್ಲ.

ಆದರೆ ಈ ಸಂಗ್ರಹವನ್ನು ಪ್ರಮಾಣವಾಗಿ ಸ್ವೀಕರಿಸುವಲ್ಲಿ ಒಂದು ಎಚ್ಚರ ಅಗತ್ಯ. ಕೆತ್ತನೆಯ ಬಾಗಿಲು, ಹಿತ್ತಾಳೆಯ ದೀಪಮಾಲೆಗಳು ಬಡವರ ಮನೆಯವಲ್ಲ. ಬುಟ್ಟಿ, ನೆಲುವು, ಮಣ್ಣಿನ ಮಡಕೆ, ಹಾಸಿಗೆಯ ಕೌದಿ ಇವು ಬಳಸಿದಷ್ಟೂ ಸವೆದು ಹೋಗುವ ವಸ್ತುಗಳು. ಲೋಹದಷ್ಟು ಕಾಲ ಅವು ಉಳಿಯಲಾರವು. ಆದುದರಿಂದ ಸಾಮಾನ್ಯರ ಕಲೆಯ ಬಹುಭಾಗವು ಯಾವ ಸಂಗ್ರಹಾಲಯಕ್ಕೂ ದಕ್ಕುವುದಿಲ್ಲ. ಉತ್ತರ ಕರ್ನಾಟಕದ ಕೌದಿಯಾಗಲಿ, ಅದರ ಸೋದರಿಯಾದ ಮರಾಠಿ ಮನೆಯ ಗೋಧಡಿಯಾಗಲಿ, ಯಲ್ಲಾಪುರ–ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯಾಗಲಿ, ಹರಿದ ಸೀರೆ ಧೋತರಗಳ ತುಂಡುಗಳಿಂದ ಹುಟ್ಟುತ್ತದೆ. ಬಟ್ಟೆ ಹೊಸದಾಗಿ ಕೊಂಡದ್ದಲ್ಲ. ಬಣ್ಣಗಳ ಜೋಡಣೆ ಮಾತ್ರ ಹೊಸದು. ಮಿತವ್ಯಯದ ಅಲಂಕಾರಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯಲಾರದು.

ಪುಣೆಯ ಮನೆಯ ಸ್ವರೂಪ ಬದಲಾದುದರಲ್ಲಿ ಒಂದು ದುರಂತದ ಪಾಲೂ ಇದೆ. 1961ರ ಜುಲೈ 12ರಂದು, ಕಟ್ಟುತ್ತಿದ್ದ ಪಾನಶೇತ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕವಾಸಲೆಯೂ ಒಡೆದು, ಮುಠಾ ನದಿಯ ದಂಡೆಯ ಪೇಠೆಗಳ ಎಷ್ಟೋ ವಾಡೆಗಳು ಉರುಳಿದವು. ಆಮೇಲಿನ ದಶಕಗಳಲ್ಲಿ ಉಳಿದ ವಾಡೆಗಳೂ ಒಂದೊಂದಾಗಿ ಫ್ಲ್ಯಾಟುಗಳಿಗೆ ಎಡೆಗೊಟ್ಟವು. ಮನೆಯ ರಚನೆ ಬದಲಾದಂತೆ ಸಾಮಾನುಗಳ ರಚನೆಯೂ ಬದಲಾಯಿತು. ಗೋಡೆಯೊಳಗಿನ ಗೂಡು, ತೊಲೆಗೆ ಬಿಗಿದ ತೂಗುಮಣೆ, ಅಟ್ಟದ ಕೆಳಗಿನ ನಾಗೊಂದಿಗೆ, ನೀರಿನ ಕೊಡಗಳ ಗಡಂಚಿ ಇವೆಲ್ಲ ಕಟ್ಟಡದೊಡನೆ ಬರುತ್ತಿದ್ದ ಪೀಠೋಪಕರಣಗಳು. ಫ್ಲ್ಯಾಟಿನ ಬೋಳು ಗೋಡೆಗೆ ಎಲ್ಲವನ್ನೂ ಕೊಂಡೇ ತರಬೇಕಾಯಿತು. ಆಗ ಹಜಾರದ ಅಧಿದೇವತೆಯಾಗಿ ಪ್ರತಿಷ್ಠಿತವಾದುದು ಗಾಜಿನ ಷೋಕೇಸು.

ಷೋಕೇಸಿನ ವಿಮರ್ಶೆಯೇ ಇಂದಿನ ಗೃಹಾಲಂಕಾರದ ವಿಮರ್ಶೆಯೆಂದರೆ ತಪ್ಪಾಗದು. ಅದು ಕೋಣೆಯ ಅತ್ಯುತ್ತಮ ಗೋಡೆಯನ್ನು ಆಕ್ರಮಿಸುತ್ತದೆ. ಅದರೊಳಗಿನ ಯಾವ ವಸ್ತುವೂ ಕೈಗೆ ಬರುವುದಿಲ್ಲ. ಬಾಳುವ ಸ್ಥಳವನ್ನು ಅದು ಪ್ರದರ್ಶನದ ಸ್ಥಳವನ್ನಾಗಿ ಮಾಡುತ್ತದೆ. ಸ್ಥಳವೇ ದುರ್ಲಭವಾದ ಮನೆಯಲ್ಲಿ ಇದು ಹಣದ ಅಪವ್ಯಯಕ್ಕಿಂತ ದೊಡ್ಡ ಅಪವ್ಯಯ. ಯಾರ ಕಣ್ಣಿಗಾಗಿ ಈ ಪ್ರದರ್ಶನ? ಅಪರೂಪಕ್ಕೆ ಬರುವ ಅತಿಥಿಯ ಕಣ್ಣಿಗಾಗಿ. ನಿತ್ಯವೂ ಅಲ್ಲಿಯೇ ಕುಳಿತು ಓದುವ ಮಗುವಿಗೆ ಬೇಕಾದ ದೀಪ, ಮುದುಕರ ಬೆನ್ನಿಗೆ ಬೇಕಾದ ಆಸರೆ ಇವು ಅನಂತರದ ಮಾತಾಗುತ್ತವೆ. ಔಚಿತ್ಯಭಂಗಕ್ಕೆ ಇದಕ್ಕಿಂತ ಬೇರೆ ಲಕ್ಷಣ ಬೇಕಿಲ್ಲ.

ಪಶ್ಚಿಮದಲ್ಲಿಯೂ ಈ ಸಮಸ್ಯೆಯನ್ನು ಕುರಿತು ಗಂಭೀರವಾದ ಚಿಂತನೆ ನಡೆದಿದೆ. ಇಂಗ್ಲೆಂಡಿನ ವಿಲಿಯಂ ಮಾರಿಸನು 1880ರ ಉಪನ್ಯಾಸವೊಂದರಲ್ಲಿ ಮನೆಯೊಳಗೆ ಬರುವ ವಸ್ತುವಿಗೆ ಉಪಯುಕ್ತತೆ, ಸೌಂದರ್ಯಗಳೆಂಬ ಎರಡು ಕಸೋಟಿಗಳನ್ನು ವಿಧಿಸಿದ. ಎರಡರಲ್ಲಿ ಒಂದನ್ನು ದಾಟಿದರೂ ಸಾಕೆಂದ. ಆ ಕಾಲದ ತುಂಬಿ ತುಳುಕುವ ಹಜಾರಗಳಿಗೆ ಇದು ತಕ್ಕ ಮದ್ದಾಗಿತ್ತು. ಆದರೆ ಎರಡರಲ್ಲಿ ಒಂದು ಸಾಕೆಂಬ ವಿನಾಯಿತಿಯ ದಾರಿಯಿಂದಲೇ ಷೋಕೇಸು ಒಳನುಸುಳುತ್ತದೆ. ಮೇಲಾಗಿ ಮಾರಿಸನ ಸ್ವಂತ ಸಂಸ್ಥೆ ತಯಾರಿಸಿದ ಸುಂದರ ವಸ್ತುಗಳು ಅವನು ಯಾರ ಹಿತವನ್ನು ಬಯಸಿದನೋ ಆ ಶ್ರಮಜೀವಿಗಳ ಕೈಗೆ ಎಟುಕದಷ್ಟು ದುಬಾರಿಯಾಗಿದ್ದವು. ಇದಕ್ಕೆ ಪ್ರತಿಯಾಗಿ, ಭಾರತ ಸರಕಾರದ ಆಮಂತ್ರಣದ ಮೇಲೆ ಅಮೆರಿಕದಿಂದ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರ ತಮ್ಮ ವರದಿಯಲ್ಲಿ ಹೊಗಳಿದ್ದು ಯಾವ ಅರಮನೆಯ ವಸ್ತುವನ್ನೂ ಅಲ್ಲ, ಸಾಮಾನ್ಯರ ತಂಬಿಗೆಯನ್ನು. ಹಿಡಿತ, ತೂಕ, ಸುರಿಯುವ ಬಗೆ, ತೊಳೆಯುವ ಸೌಕರ್ಯ, ಬೆಲೆ ಈ ಎಲ್ಲ ಪ್ರಶ್ನೆಗಳಿಗೂ ತಲೆಮಾರುಗಳ ಅನುಭವ ಕೊಟ್ಟ ಒಂದೇ ಉತ್ತರವಾಗಿ ಅದು ಅವರಿಗೆ ಕಂಡಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಸ್ಥಾಪನೆಯಾದುದು ಆ ವರದಿಯ ಫಲ.

ಆ ತಂಬಿಗೆಯ ಒಂದು ತವರು ಪುಣೆಯಲ್ಲಿಯೂ ಇದೆ: ಕಸಬಾ ಪೇಠೆಯ ತಾಂಬಟ ಆಳಿ. ಪೇಶವೆಯರ ಕಾಲದಿಂದ ಅಲ್ಲಿ ತಾಮ್ರ ಬಡಿಯುವ ಸದ್ದು ಕೇಳುತ್ತ ಬಂದಿದೆ. ಹಂಡೆ, ಬಂಬ, ಕೊಡಗಳ ಮೈಮೇಲೆ ಸುತ್ತಿಗೆಯಿಂದ ಮೂಡುವ ಒತ್ತೊತ್ತಾದ ಗುಳಿಗಳು ಶೋಭೆಗಾಗಿ ಮಾತ್ರ ಬಂದವಲ್ಲ; ಬಡಿತದಿಂದ ತಗಡು ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ, ಸ್ಟೀಲುಗಳು ಬಂದಮೇಲೆ ಅಡುಗೆಮನೆಯಿಂದ ಹೊರಬಿದ್ದ ಈ ಕೆಲಸಕ್ಕೆ ಈಚಿನ ವರ್ಷಗಳಲ್ಲಿ ಅಲಂಕಾರದ ಅಂಗಡಿಗಳಲ್ಲಿ ಮತ್ತೆ ಮನ್ನಣೆ ದೊರೆತಿದೆ. ಕುಶಲಕರ್ಮಿಗೆ ಅನ್ನ ದೊರೆಯುವುದು ಸಂತೋಷದ ಸಂಗತಿಯೇ. ಆದರೂ ನೀರು ಕಾಯಿಸದ ಬಂಬದಲ್ಲಿ ಹೂವಿನ ಕಡ್ಡಿಗಳನ್ನಿಟ್ಟು ಕೊಂಡವರು ತಮ್ಮದು ‘ಸಾಂಪ್ರದಾಯಿಕ’ ಮನೆಯೆಂದು ಹೇಳಿಕೊಂಡರೆ ಆ ಮಾತನ್ನು ಒಪ್ಪುವುದು ಕಷ್ಟ. ಶುಚಿಯಾದ ಒಂದು ಸ್ಟೀಲಿನ ತಂಬಿಗೆ ಅದಕ್ಕಿಂತ ಸಂಪ್ರದಾಯಕ್ಕೆ ಹತ್ತಿರದ್ದು.

ಈಗ ಪುಣೆಯ ಕನ್ನಡ ಮನೆಯತ್ತ ತಿರುಗಬಹುದು. ವಲಸೆ ಬಂದವರು ಊರಿನ ಗುರುತನ್ನು ಉಳಿಸಿಕೊಳ್ಳಬಯಸುವುದು ಸಹಜ. ಆ ಬಯಕೆಯೇ ಷೋಕೇಸಿಗೆ ಅತ್ಯಂತ ಗೌರವಾರ್ಹವಾದ ನೆಪವನ್ನು ಒದಗಿಸುತ್ತದೆ. ಬೀದರಿನ ಹೂದಾನಿ, ಚನ್ನಪಟ್ಟಣದ ಬೊಂಬೆ, ಚೌಕಟ್ಟು ಹಾಕಿಸಿದ ಕಸೂತಿ ಗಾಜಿನ ಹಿಂದೆ ಸಾಲಾಗಿ ನಿಲ್ಲುತ್ತವೆ. ಬೊಂಬೆಯೊಡನೆ ಆಡಬೇಕಾದ ಮಗುವಿಗೆ ಅದನ್ನು ಮುಟ್ಟಬಾರದೆಂಬ ಕಟ್ಟಪ್ಪಣೆ! ಸೀರೆಯ ಸೆರಗಿನ ಮೇಲೆ ನಡೆದಾಡುತ್ತಿದ್ದ ಕಸೂತಿಯ ತೇರು ಗೋಡೆಯ ಮೇಲೆ ನಿಂತುಬಿಡುತ್ತದೆ. ತವರನ್ನು ಹೀಗೆ ಗಾಜಿನೊಳಗಿಟ್ಟ ಮನೆಯಲ್ಲಿ ಮಾತೃಭಾಷೆಯೂ ಹಬ್ಬದ ದಿನ ಮಾತ್ರ ಹೊರತೆಗೆಯುವ ವಸ್ತುವಾಗುವ ಸಂಭವವಿದೆ. ಇದು ಸುಮ್ಮನೆ ಕಡೆಗಣಿಸುವಂಥ ಸಾದೃಶ್ಯವಲ್ಲ.

ಗುಳೇದಗುಡ್ಡದ ಖಣದ ವಿಷಯ ಇನ್ನೂ ಕುತೂಹಲಕರ. ಮರಾಠಿ ಹೆಣ್ಣುಮಗಳ ಚೋಳಿಯ ಬಟ್ಟೆಯೆಂದು ಪುಣೆಯಲ್ಲೆಲ್ಲ ಹೆಸರಾದ ಈ ಖಣಕ್ಕೆ ಹೆಸರಾಂತ ನೇಕಾರಿಕೆಯ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಇಂದು ಪುಣೆಯ ಅಂಗಡಿಗಳಲ್ಲಿ ಅದು ದಿಂಬಿನ ಚೀಲವಾಗಿ, ತೋರಣವಾಗಿ ಮಾರಾಟವಾಗುತ್ತಿದೆ. ಕನ್ನಡ ಕೈಮಗ್ಗದ ಬಟ್ಟೆಯನ್ನು ಮಹಾರಾಷ್ಟ್ರದ ಗುರುತೆಂದು ಕೊಂಡು ತಂದ ಕನ್ನಡ ಕುಟುಂಬಗಳೂ ಇಲ್ಲದಿರಲಾರವು. ಇದರಲ್ಲಿ ಅಸೂಯೆಪಡುವಂಥದೇನೂ ಇಲ್ಲ. ಉಡುವವರು ಮರಾಠಿಗರಾಗಿದ್ದುದರಿಂದಲೇ ನೇಯುವ ಕನ್ನಡಿಗರ ಮಗ್ಗ ಆಡಿತು. ಉಟ್ಟದ್ದು ಹರಿಯಿತು, ಹರಿದುದರಿಂದ ಮತ್ತೊಂದು ಬೇಕಾಯಿತು. ಚೌಕಟ್ಟಿನೊಳಗಿನ ಖಣ ಹರಿಯುವುದಿಲ್ಲ. ನೇಕಾರನಿಗೆ ಅದು ಎರಡನೆಯ ಸಲ ಕೆಲಸ ಕೊಡುವುದೂ ಇಲ್ಲ. ನವಲಗುಂದದ ಹೆಣ್ಣುಮಕ್ಕಳು ನೇಯುವ, ಪಗಡೆಯ ಹಾಸನ್ನೇ ಚಿತ್ತಾರವಾಗಿಸಿಕೊಂಡ ಜಮಖಾನೆಗೂ ಇದೇ ಮಾತು ಸಲ್ಲುತ್ತದೆ. ಅದು ಮೇಲೆ ಕುಳಿತು ಮಾತಾಡುವುದಕ್ಕಾಗಿ ಹುಟ್ಟಿದ ವಸ್ತು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಗೆ ಅವಕಾಶವಿದೆ. ಹಳೆಯ ಮನೆಯ ಸೌಂದರ್ಯ ಅಗ್ಗದ್ದೆಂದು ಹೇಳುವವರು ಹೆಣ್ಣಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹುಣಸೆಹಣ್ಣು ಹಚ್ಚಿ ತಾಮ್ರವನ್ನು ಬೆಳಗುವವರು, ನಸುಕಿನಲ್ಲಿ ನೆಲ ಸಾರಿಸಿ ರಂಗೋಲಿ ಹಾಕುವವರು, ಕಣ್ಣು ಸೋಲುವವರೆಗೆ ಕೌದಿ ಹೊಲಿಯುವವರು ಯಾರು? ರೂಪಾಯಿಗಳಲ್ಲಿ ಮಿತವಾಗಿದ್ದ ಆ ಅಲಂಕಾರ ಗಂಟೆಗಳ ಲೆಕ್ಕದಲ್ಲಿ ಬಹು ದುಬಾರಿಯಾಗಿತ್ತು. ಈ ಆಕ್ಷೇಪಣೆಯನ್ನು ಪೂರ್ಣವಾಗಿ ಒಪ್ಪಲೇಬೇಕು. ಗಂಡಹೆಂಡಿರಿಬ್ಬರೂ ದುಡಿಯಲು ಹೊರಡುವ ಮನೆಗೆ ಹಳೆಯ ಉಪಕರಣಗಳನ್ನು ಇದ್ದಂತೆಯೇ ವಿಧಿಸುವುದು ಅನ್ಯಾಯ. ‘ಅಲಂ’ ಎಂಬುದರ ಅಳತೆಯಲ್ಲಿ ಹಣದಂತೆ ಶ್ರಮವೂ ಸೇರಬೇಕು. ಹಾಗೆ ನೋಡಿದರೆ ಷೋಕೇಸಿನ ಧೂಳನ್ನು ಒರೆಸುವ ಕೆಲಸವೂ ಆಕೆಯ ಪಾಲಿಗೇ ಬಂದಿದೆಯೆಂಬುದನ್ನು ಮರೆಯಲಾಗದು.

ಈ ವಿವೇಚನೆಯಿಂದ ಫಲಿಸುವ ಕ್ರಮ ಸರಳವಾಗಿದೆ. ಮೊದಲು ಬೆಳಕು, ಗಾಳಿ. ತೊಳೆದರೆ ಶುಚಿಯಾಗುವ ಗೋಡೆಯ ಬಣ್ಣ. ಅನಂತರ ದಿನಾಲು ಮೈಕೈ ತಾಗುವ ವಸ್ತುಗಳು: ಮಲಗುವ ಹಾಸಿಗೆ, ಕುಳಿತು ಬರೆಯುವ ಮೇಜು, ಅಡುಗೆಯ ಪಾತ್ರೆ. ಹಣವನ್ನು ಹೆಚ್ಚು ತೊಡಗಿಸಬೇಕಾದುದು ಇವುಗಳಲ್ಲಿ. ಸೋಫಾಸೆಟ್ಟು ಕೋಣೆಯನ್ನು ಶಾಶ್ವತವಾಗಿ ಹಿಡಿದು ಕೂಡುತ್ತದೆ. ಜಮಖಾನೆ ಹತ್ತು ಜನ ಬಂದಾಗ ಹಾಸಿಕೊಂಡು, ಹೋದಮೇಲೆ ಸುತ್ತಿಕೊಂಡು ಮೂಲೆಗೆ ಸರಿಯುತ್ತದೆ. ನೆಲದ ಮೇಲೆ ಕೂಡಲಾರದ ಹಿರಿಯರಿಗೆ ಎರಡು ಗಟ್ಟಿಯಾದ ಕುರ್ಚಿಗಳಿದ್ದರೆ ಸಾಕು. ಅಂಥ ಕುರ್ಚಿಗಳು ಹೊಸವೇ ಆಗಬೇಕೆಂದೇನೂ ಇಲ್ಲ. ರವಿವಾರ ಮತ್ತು ಬುಧವಾರ ಕೂಡುವ ಜುನಾ ಬಾಜಾರದಲ್ಲಿ ಹಳೆಯ ಸಾಮಾನನ್ನು ತಾಳ್ಮೆಯಿಂದ ಹುಡುಕಬಹುದು. ಬುರುಡ ಆಳಿಯ ಬಿದಿರಿನ ತಟ್ಟಿ ಪರದೆಯಾಗಿ ಒಂದು ಕೋಣೆಯನ್ನು ಎರಡಾಗಿಸಬಲ್ಲದು. ಊರಿನಿಂದ ತಂದ ವಸ್ತುವಿಗೆ ಮಾತ್ರ ಒಂದು ಪ್ರತ್ಯೇಕ ನಿಯಮ ಬೇಕು: ಬಳಸಲು ಬರುವಂಥದನ್ನು ಬಳಸಬೇಕು, ಹರಿದರೆ ಹರಿಯಲೆಂದು ಬಿಡಬೇಕು. ಅಜ್ಜಿಯ ಕೌದಿಯನ್ನು ಹೊದ್ದು ಬೆಳೆದ ಮಗುವಿಗೆ ಆ ಬಟ್ಟೆಯ ತುಂಡುಗಳು ಯಾರ ಯಾರ ಸೀರೆಯವೆಂದು ಹೇಳುವಾಗ ತಾಯಿ ಕನ್ನಡದಲ್ಲಿಯೇ ಹೇಳುತ್ತಾಳೆ. ಕಪಾಟಿನಲ್ಲಿ ಮಡಿಸಿಟ್ಟ ಕೌದಿಯ ವಿಷಯದಲ್ಲಿ ಆ ಮಾತು ಏಳುವ ಸಂದರ್ಭವೇ ಬರುವುದಿಲ್ಲ.